ಡೈಕ್‌ನಲ್ಲಿ ಮ್ಯಾಗ್ಮಾ ಗೋಡೆಯಿಂದ ಗೋಡೆಗೆ ಹರಿಯಿತಾ?

ಪ್ರಶ್ನೆ: ಮೇಡಂ, ನಾನು ಜಿಯಾಲಜಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ನೆಟ್ಟಗೆ ನಿಂತ ಒಂದು ಬಸಾಲ್ಟ್ ಡೈಕ್‌ನಿಂದ (ಬಿರುಕಿನಲ್ಲಿ ಮ್ಯಾಗ್ಮಾ, ಅಂದರೆ ಕರಗಿದ ಕಲ್ಲು, ತುಂಬಿ ಗಟ್ಟಿಯಾದ ಹಲಗೆಯಂಥ ಕಲ್ಲು) ಕೋರ್, ಅಂದರೆ ಕೊರೆದ ಕಲ್ಲಿನ ತುಂಡು, ತೆಗೆದು ಎಎಂಎಸ್ ಮಾಡಿಸಿದೆ. ಅಂದರೆ ಕಲ್ಲು ಯಾವ ದಿಕ್ಕಿನಲ್ಲಿ ಎಷ್ಟು ಸುಲಭವಾಗಿ ಕಾಂತಕ್ಕೆ ಒಗ್ಗುತ್ತದೆ ಅನ್ನೋ ಅಳತೆ. ಎಲ್ಲಕ್ಕಿಂತ ದೊಡ್ಡ ಅಕ್ಷ ಕೆ1 ಹರಿವಿನ ಜೊತೆಗೇ ಇರುತ್ತದೆ ಅಂತ ಓದಿದ್ದೆ. ನನ್ನ ಸ್ಯಾಂಪಲ್‌ಗಳಲ್ಲಿ ಅದು ಬಿರುಕಿನ ಗೋಡೆಗೆ ಅಡ್ಡಡ್ಡ ಬಂದಿದೆ. ಮ್ಯಾಗ್ಮಾ ಈ ಗೋಡೆಯಿಂದ ಆ ಗೋಡೆಗೆ ಹರಿಯಿತು ಅಂತ ಬರೆಯಲಾ? ಗೆಳತಿ ನಗುತ್ತಿದ್ದಾಳೆ.

ಉತ್ತರ: ಗೆಳತಿ ನಗೋದು ಸರಿಯೇ, ಆದರೆ ನಿಮ್ಮ ಅಳತೆ ತಪ್ಪು ಅಂತ ಅಲ್ಲ. ಯಂತ್ರಕ್ಕೆ ಹರಿವು ಕಾಣಲ್ಲ, ಖನಿಜ ಮಾತ್ರ ಕಾಣುತ್ತದೆ. ಮ್ಯಾಗ್ನೆಟೈಟ್ (ಕಾಂತಗುಣದ ಕಬ್ಬಿಣದ ಖನಿಜ) ಕಣ ದೊಡ್ಡದಿದ್ದರೆ ಕೆ1 ಅದರ ಉದ್ದಕ್ಕೇ ಬರುತ್ತದೆ. ಅದೇ ಕಣ ಮೈಕ್ರಾನಿಗಿಂತ ಎಷ್ಟೋ ಸಣ್ಣದಾಗಿ ಒಂದೇ ಕಾಂತವಲಯ ಇರುವಂಥದ್ದಾದರೆ ಎಲ್ಲ ಉಲ್ಟಾ! ಉದ್ದದ ದಿಕ್ಕಿನಲ್ಲಿ ಅದು ಮೊದಲೇ ಪೂರ್ತಿ ಕಾಂತವಾಗಿರುತ್ತದೆ, ಇನ್ನು ಹೆಚ್ಚಾಗಲು ಜಾಗವಿಲ್ಲ, ಹಾಗಾಗಿ ಅಡ್ಡ ದಿಕ್ಕಿನಲ್ಲೇ ಜಾಸ್ತಿ ತೋರಿಸುತ್ತದೆ. ಇದನ್ನು ಇನ್ವರ್ಸ್ ಫ್ಯಾಬ್ರಿಕ್ ಅನ್ನುತ್ತೇವೆ. ನಿಮ್ಮದು ಅದೇ ಅಂತ ನನಗೆ ಅನುಮಾನ. ಅದೇ ಕೋರ್‌ಗಳಲ್ಲಿ ಎಎಆರ್‌ಎಂ ಅನ್ನೋ ಇನ್ನೊಂದು ಅಳತೆ ಮಾಡಿಸಿ. ಅದು ಕಲ್ಲು ಉಳಿಸಿಕೊಳ್ಳುವ ಕಾಂತತೆಯನ್ನು ನೋಡುವುದರಿಂದ ಸಣ್ಣ ಕಣವೂ ತನ್ನ ನಿಜವಾದ ಉದ್ದ ತೋರಿಸುತ್ತದೆ. ಜೊತೆಗೆ ಥಿನ್ ಸೆಕ್ಷನ್‌ನಲ್ಲಿ, ಅಂದರೆ ಸೂಕ್ಷ್ಮದರ್ಶಕಕ್ಕೆಂದು ತೆಳ್ಳಗೆ ಉಜ್ಜಿದ ಕಲ್ಲಿನ ಹಾಳೆಯಲ್ಲಿ, ಫೆಲ್ಡ್‌ಸ್ಪಾರ್ ಖನಿಜದ ಕಡ್ಡಿಗಳು ಯಾವ ಕಡೆ ಮಲಗಿವೆ ನೋಡಿ. ಸುಮ್ನೆ ಯಂತ್ರ ನಂಬಿ ಬರೆದ ವರದಿ ನನ್ನ ಮೇಜಿಗೆ ತುಂಬಾ ಬರುತ್ತವೆ.

ಪ್ರಶ್ನೆ: ಸರಿ ಮೇಡಂ. ಅಕ್ಷ ಸರಿಹೋಯಿತು ಅಂದುಕೊಳ್ಳಿ. ಮೇಲಕ್ಕೆ ಹರಿಯಿತೋ ಕೆಳಕ್ಕೋ ಹೇಗೆ ಹೇಳೋದು?

ಉತ್ತರ: ಒಳ್ಳೆ ಪ್ರಶ್ನೆ. ಕೆ1 ಬರೀ ಒಂದು ಗೆರೆ, ಅದಕ್ಕೆ ಬಾಣದ ಮೊನೆ ಇಲ್ಲ. ಮೊನೆ ಬೇಕಾದರೆ ಎರಡೂ ಅಂಚುಗಳಿಗೆ ಹೋಗಬೇಕು. ಗೋಡೆ ಪಕ್ಕ ಮ್ಯಾಗ್ಮಾ ನಿಧಾನ, ನಡುವೆ ಜೋರು, ಹಾಗಾಗಿ ಅಂಚಿನ ಕಣಗಳು ಗೋಡೆಗೆ ಸ್ವಲ್ಪ ಓರೆಯಾಗಿ ವಾಲುತ್ತವೆ. ಎರಡೂ ಅಂಚಿನ ಓರೆ ಗೆರೆಗಳನ್ನು ಎಳೆದರೆ ಅವು ಹರಿವು ಹೋದ ಕಡೆ ಕೂಡುತ್ತವೆ. 1988ರಲ್ಲಿ ನೈಟ್ ಮತ್ತು ವಾಕರ್ ಅನ್ನೋ ಸಂಶೋಧಕರು ಹವಾಯಿಯ ಓಹು ದ್ವೀಪದ ಕೂಲಾವ್ ಜ್ವಾಲಾಮುಖಿಯ ಡೈಕ್‌ಗಳಲ್ಲಿ ಇದನ್ನೇ ಮಾಡಿದರು. ನೀವು ಒಂದೇ ಅಂಚಿನಿಂದ ಕೋರ್ ತೆಗೆದಿದ್ದರೆ ಮತ್ತೊಮ್ಮೆ ಫೀಲ್ಡಿಗೆ ಹೋಗಲೇಬೇಕು, ಬೇಜಾರಾಗಬೇಡಿ. ಮೇಲೆ-ಕೆಳಗೆ ಅಂತ ಮಾತ್ರ ಯೋಚಿಸಬೇಡಿ, ಬಿರುಕಿನ ಉದ್ದಕ್ಕೆ ಪಕ್ಕಕ್ಕೂ ಹರಿದಿರಬಹುದು. ಕೆನಡಾದ ಮೆಕೆಂಜಿ ಡೈಕ್‌ಗಳಲ್ಲಿ ಮೂಲದ ಹತ್ತಿರ ಹರಿವು ನೆಟ್ಟಗಿದೆ, ಸುಮಾರು 500 ಕಿ.ಮೀ. ದಾಟಿದ ಮೇಲೆ ಹೀಗೆ ಪಕ್ಕಕ್ಕಿದೆ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಾಯಿ ಹಾಕ್ತೀನಿ, ಗ್ರಾನೈಟಿಗೂ ಇದು ನಡೆಯುತ್ತಾ? ನಮ್ಮದರಲ್ಲಿ ಕಣ್ಣಿಗೆ ಯಾವ ಸಾಲೂ ಕಾಣಲ್ಲ.

ಉತ್ತರ: ಅಂಥ ಕಲ್ಲಿಗೇ ಇದು ಹೆಚ್ಚು ಉಪಯೋಗ. ಮ್ಯಾಗ್ನೆಟೈಟ್ ಇಲ್ಲದ ಗ್ರಾನೈಟಿನಲ್ಲಿ ಮಾತಾಡೋದು ಬಯೊಟೈಟ್ ಅನ್ನೋ ಕಪ್ಪು ಮೈಕಾ, ಅದರ ಹಾಳೆಗಳಿಗೆ ಲಂಬವಾಗಿ ಎಲ್ಲಕ್ಕಿಂತ ಸಣ್ಣ ಅಕ್ಷ ಕೆ3 ನಿಲ್ಲುತ್ತದೆ. ಆದರೆ ಗ್ರಾನೈಟ್ ಗಟ್ಟಿಯಾಗುವ ಕೊನೆಗಳಿಗೆಯ ಎಳೆತವನ್ನೇ ಹೆಚ್ಚಾಗಿ ನೆನಪಿಟ್ಟುಕೊಳ್ಳುತ್ತದೆ, ಮೇಲೇರಿ ಬಂದ ದಾರಿಯನ್ನಲ್ಲ. ಸೂಕ್ಷ್ಮದರ್ಶಕದಲ್ಲಿ ಕ್ವಾರ್ಟ್ಜ್ ಅಲೆಅಲೆಯಾಗಿ ಕಪ್ಪಾಗುತ್ತಿದ್ದರೆ, ಮೈಕಾ ಬಾಗಿದ್ದರೆ, ಗಟ್ಟಿಯಾದ ಮೇಲೂ ಕಲ್ಲು ಹಿಂಡಿಸಿಕೊಂಡಿದೆ ಅಂತ ಅರ್ಥ. ಆಗ ಹರಿವಿನ ಕಥೆ ಕಟ್ಟಬೇಡಿ.

ಪ್ರಶ್ನೆ: ಮೇಡಂ, ನಾನು ತೆಗೆದಿದ್ದು ಒಂದೇ ಅಂಚಿನಿಂದ. 😐

ಉತ್ತರ: ಗೊತ್ತಿತ್ತು. ಈ ಸಲ ಸೂರ್ಯನ ನೆರಳಿನಿಂದ ದಿಕ್ಕು ಹೇಳುವ ಸನ್ ಕಂಪಾಸ್ ತಗೊಂಡು ಹೋಗಿ, ಮ್ಯಾಗ್ನೆಟೈಟ್ ತುಂಬಿದ ಕಲ್ಲಿನ ಪಕ್ಕ ಮಾಮೂಲಿ ಕಂಪಾಸ್ ದಾರಿ ತಪ್ಪಿಸುತ್ತದೆ.