ತೋಟದಂಚಿನ ಹುಲಿಗೆ ಎರಡು ಕ್ಯಾಮೆರಾ ಯಾಕೆ? ಹೆಜ್ಜೆ ಗುರುತು ಸಾಲದೇ?

ಬಾಣೆಮನೆ (ದಕ್ಷಿಣ ಕೊಡಗು) ಕೇಳಿದ್ದು:
ನಮ್ಮ ತೋಟ ನಾಗರಹೊಳೆ ಕಾಡಿಗೆ ತಾಗಿಕೊಂಡಿದೆ. ಕಳೆದ ವಾರ ಗದ್ದೆಯಲ್ಲಿ ಮೇಯುತ್ತಿದ್ದ ಹಸುವನ್ನು ಹುಲಿ ಹಿಡಿಯಿತು. ಅರಣ್ಯ ಇಲಾಖೆಯವರು ಬಂದು ತೋಡಿನ (ಸಣ್ಣ ಹಳ್ಳದ) ದಾರಿಯಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟಿ ಹೋದರು. ಹಿಂದೆಲ್ಲ ಕೆಸರಿನ ಹೆಜ್ಜೆ ನೋಡಿಯೇ ಗಂಡೋ ಹೆಣ್ಣೋ ಎಂದು ಹೇಳುವವರಿದ್ದರು. ಈಗ ಇಷ್ಟೆಲ್ಲ ಯಾಕೆ? ಕಾಫಿ ಕೊಯ್ಲು ಹತ್ತಿರ ಬಂತು, ಲೈನ್ ಮನೆಯ ಕೂಲಿಯವರು ತೋಟಕ್ಕೆ ಇಳಿಯಲು ಹೆದರುತ್ತಿದ್ದಾರೆ.

ಕಾಡುಹಾದಿ:
ಹುಲಿ ಗಣತಿಯ ತಂಡಗಳೊಂದಿಗೆ ಕ್ಯಾಮೆರಾ ಕಟ್ಟುತ್ತಾ ಹಲವು ಬೇಸಿಗೆ ಕಳೆದವನು ನಾನು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಗುರುತು ಹಿಡಿಯುವುದು ಅದರಿಂದಲೇ. ಆದರೆ ಒಂದೇ ಹುಲಿಯ ಎಡಮೈಯ ಪಟ್ಟೆಯೇ ಬೇರೆ, ಬಲಮೈಯದೇ ಬೇರೆ. ಒಂದೇ ಕ್ಯಾಮೆರಾ ಇದ್ದು ಇವತ್ತು ಎಡಮೈ, ನಾಳೆ ಬಲಮೈ ಸಿಕ್ಕರೆ ಅದು ಒಂದು ಹುಲಿಯೋ ಎರಡೋ ಎಂದು ಹೇಳಲಾಗದು. ಅದಕ್ಕೇ ಜೋಡಿ. ಮೊಣಕಾಲೆತ್ತರಕ್ಕೆ ಕಟ್ಟಿದರೆ ಪಕ್ಕೆಯ ಪಟ್ಟೆ ನೇರವಾಗಿ ಬೀಳುತ್ತದೆ. ಮುಂದಿನ ಹುಲ್ಲನ್ನು ಸವರಲೇಬೇಕು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೂ, ಶಾಖ ಅಲುಗಿದ್ದನ್ನು ಗ್ರಹಿಸಿ ತಾನೇ ಚಿತ್ರ ತೆಗೆಸುವ ಸೆನ್ಸರ್ ಅದನ್ನು ಪ್ರಾಣಿಯೆಂದು ತಿಳಿದು, ಕಾರ್ಡ್ ತುಂಬ ಬರೀ ಹುಲ್ಲಿನ ಚಿತ್ರ ತುಂಬಿಕೊಳ್ಳುತ್ತದೆ. ಆನೆ ಬಂದು ಪೆಟ್ಟಿಗೆಯನ್ನೇ ಕಿತ್ತುಹಾಕುವುದೂ ಉಂಟು.

ಹೆಜ್ಜೆ ಓದುವವರ ಬಗ್ಗೆ ನನಗೆ ತುಂಬ ಗೌರವವಿದೆ. ಎಲ್ಲಿ ಕ್ಯಾಮೆರಾ ಕಟ್ಟಬೇಕೆಂದು ತೋರಿಸಿಕೊಡುವವರು ಇಂದಿಗೂ ಅವರೇ. ಆದರೆ ಒಂದೇ ಹುಲಿಯ ಹೆಜ್ಜೆ ಒದ್ದೆ ಮಣ್ಣಿನಲ್ಲಿ ಒಂದು ತರಹ, ಧೂಳಿನಲ್ಲಿ ಇನ್ನೊಂದು ತರಹ ಮೂಡುತ್ತದೆ. ಅದನ್ನು ನೆಚ್ಚಿ ಲೆಕ್ಕ ಹಾಕಿದ್ದರ ಫಲ ರಾಜಸ್ಥಾನದ ಸರಿಸ್ಕಾ ಹುಲಿ ಕಾಡಿನಲ್ಲಿ ಕಂಡಿತು: ದಾಖಲೆಯಲ್ಲಿ ಹುಲಿಗಳಿದ್ದವು, 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. 2006ರಿಂದ ದೇಶದ ಗಣತಿಯ ಕ್ರಮವೇ ಬದಲಾಯಿತು. ನಿಮ್ಮ ಪಕ್ಕದ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇದೇ ಕ್ಯಾಮೆರಾ ವಿಧಾನವನ್ನು ಅದಕ್ಕೂ ಎಷ್ಟೋ ಮೊದಲೇ ನಡೆಸಿ, 1995ರಲ್ಲಿ ಪ್ರಬಂಧ ಪ್ರಕಟಿಸಿದ್ದರು.

ಅದರ ಲೆಕ್ಕ ಹೀಗೆ: ಮೊದಲ ಸುತ್ತಿನಲ್ಲಿ 20 ಹುಲಿ, ಎರಡನೆಯ ಸುತ್ತಿನಲ್ಲೂ 20 ಸಿಕ್ಕವೆನ್ನಿ. ಎರಡನೆಯ ಸುತ್ತಿನ 20ರಲ್ಲಿ 10 ಮೊದಲೇ ಕಂಡವು. ಅಂದರೆ ಒಂದು ಸುತ್ತಿನಲ್ಲಿ ಸುಮಾರು ಅರ್ಧ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಿವೆ. ಒಟ್ಟು 40ರ ಆಸುಪಾಸು ಇರಬೇಕು. ಕಾಣದೆ ಉಳಿದವನ್ನೂ ಲೆಕ್ಕಕ್ಕೆ ತರುವುದೇ ಇದರ ಹೆಚ್ಚುಗಾರಿಕೆ. ನಿಜವಾದ ಲೆಕ್ಕ ಇದಕ್ಕಿಂತ ಸೂಕ್ಷ್ಮ, ತಿರುಳು ಮಾತ್ರ ಇದೇ.

ನಿಮ್ಮ ತೋಟದಲ್ಲಿ ಎಣಿಕೆಗಿಂತ ಗುರುತು ಮುಖ್ಯ. ಚಿತ್ರ ಸಿಕ್ಕರೆ ಹಳೆಯ ಚಿತ್ರಗಳೊಂದಿಗೆ ಪಟ್ಟೆ ಹೋಲಿಸಿ ನೋಡುತ್ತಾರೆ. ಗಾಯಗೊಂಡ ಮುದಿ ಹುಲಿಯೋ, ಜಾಗ ಹುಡುಕುತ್ತಾ ದಾಟಿಹೋಗುತ್ತಿರುವ ಪ್ರಾಯದ ಹುಲಿಯೋ ಎಂಬುದರ ಮೇಲೆ ಮುಂದಿನ ಕ್ರಮ ನಿಂತಿದೆ. ಗುರುತು ಸಿಗುವ ಮೊದಲೇ ‘ಹಿಡಿಯಿರಿ’ ಎಂದು ಒತ್ತಾಯಿಸಬೇಡಿ. ಬೇರೆ ಹುಲಿ ಬೋನಿಗೆ ಬಿದ್ದರೆ ನಿಮ್ಮ ತೊಂದರೆ ಹಾಗೆಯೇ ಉಳಿಯುತ್ತದೆ.

ಮಲೆನಾಡ ಮೇಷ್ಟ್ರು:
ಒಂದು ಮಾತು ಸೇರಿಸುತ್ತೇನೆ. ಉತ್ತರಾಖಂಡದ ಕಾರ್ಬೆಟ್ ಕಾಡಂಚಿನ ಹೆಂಗಸರ ಬಗ್ಗೆ 2024ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕ್ಯಾಮೆರಾ ನೋಡುತ್ತಿದೆ ಎಂಬ ಅಳುಕಿನಿಂದ ಅವರು ಸೌದೆಗೆ ಹೋದಾಗ ಹಾಡುವುದನ್ನೂ ಜೋರಾಗಿ ಮಾತನಾಡುವುದನ್ನೂ ಕಡಿಮೆ ಮಾಡಿದ್ದರು. ಪ್ರಾಣಿಗಳನ್ನು ದೂರವಿಡುತ್ತಿದ್ದದ್ದು ಆ ಸದ್ದೇ. ಕ್ಯಾಮೆರಾ ಎಲ್ಲಿದೆ, ಯಾಕಿದೆ ಎಂದು ಲೈನ್ ಮನೆಯವರಿಗೆ ಹೇಳಿದ್ದೀರಾ?

ಬಾಣೆಮನೆ:
ಇಬ್ಬರಿಗೂ ಧನ್ಯವಾದ. ಹೇಳಿರಲಿಲ್ಲ, ಇವತ್ತು ಸಂಜೆ ಹೇಳಿದೆ. ಆ ತೋಡಿಗೆ ಹೆಂಗಸರು ಬಟ್ಟೆ ಒಗೆಯಲು ಹೋಗುತ್ತಾರೆ. ಕ್ಯಾಮೆರಾವನ್ನು ಮೇಲಿನ ಬೇಲಿಯ ದಾರಿಗೆ ಬದಲಿಸಲು ಕೇಳಬಹುದೇ?

ಕಾಡುಹಾದಿ:
ಖಂಡಿತ ಕೇಳಿ. ಬೇಲಿಯ ದಾರಿ ಕಾಡಿನಿಂದ ಬರುವುದಾದರೆ ಹುಲಿಯೂ ಅದನ್ನು ಬಳಸುವ ಸಾಧ್ಯತೆ ಹೆಚ್ಚು. ಸವೆದ ದಾರಿಯಲ್ಲಿ ನಡೆಯುವುದೇ ಅದಕ್ಕೂ ಸಲೀಸು. ನೀವಾಗಿ ಮಾತ್ರ ಬಿಚ್ಚಬೇಡಿ. ಅಲ್ಲಿಯವರೆಗೆ ಕೊಯ್ಲಿನವರು ಬೆಳಕು ಹರಿದ ಮೇಲೆ, ಗುಂಪಾಗಿ, ಮಾತನಾಡುತ್ತಲೇ ಇಳಿಯಲಿ.