ತಿರುವಿನಲ್ಲಿ ಕಾರಿನ ಮೂತಿ ಹೊರಗೇ ಓಡುತ್ತೆ, ಟೈರ್ ಬದಲಿಸಬೇಕಾ?

ಕೇಳಿದವರು, ಬಳ್ಳಾರಿ: ಹಳೇ ಸ್ವಿಫ್ಟ್ ತಗೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನೋ ರೇಸ್ ಟ್ರ್ಯಾಕ್‌ಗೆ ಹೋಗಿದ್ದೆ. ಮೊದಲು ಚೆನ್ನಾಗಿತ್ತು. ಆಮೇಲೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ತಿರುಗುತ್ತಿಲ್ಲ. ಮೆತ್ತನೆ ರಬ್ಬರಿನ ಟೈರ್ ಹಾಕಿಸಲಾ? ಅನುಭವ ಇದ್ದವರು ಹೇಳಿ.

ಗಂಗಾವತಿ: ದುಡ್ಡು ಬಿಚ್ಚೋಕೆ ಮುಂಚೆ ಮುಂದಿನ ಟೈರಿನ ಹೊರ ಅಂಚಿಗೆ ಬೆರಳು ಆಡಿಸಿ ನೋಡಪ್ಪಾ. ನಡುಭಾಗ ಚೆನ್ನಾಗಿದ್ದು, ಅಂಚು ಮಾತ್ರ ತರಿತರಿಯಾಗಿ ಸವೆದಿದೆಯಾ? ಹಾಗಿದ್ದರೆ ಟೈರನ್ನು ಅಡ್ಡಕ್ಕೆ ಉಜ್ಜಿದ್ದೀಯ. ಚಕ್ರ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಹೋಗುವ ದಿಕ್ಕಿಗೂ ಕೆಲವು ಡಿಗ್ರಿ ವ್ಯತ್ಯಾಸ ಇರಬೇಕು, ಗ್ರಿಪ್ ಬರೋದೇ ಅದರಿಂದ. ಅದು ಮಿತಿ ದಾಟಿದರೆ ಗ್ರಿಪ್ ಇಳಿಯುತ್ತೆ, ಬಿಸಿ ಏರುತ್ತೆ. ಸ್ಟೇರಿಂಗ್ ದಿಢೀರ್ ಹಗುರ ಅನಿಸಿದಾಗ ಇನ್ನೂ ತಿರುಗಿಸಬೇಡ, ಸ್ವಲ್ಪ ವಾಪಸ್ ತಿರುಗಿಸು. ಕೈ ಒಪ್ಪಲ್ಲ, ಗೊತ್ತು. ಮೆತ್ತನೆ ಟೈರ್ ಹಾಕಿ ಹೀಗೇ ಓಡಿಸಿದರೆ ಅದು ಇನ್ನೂ ಬೇಗ ಕಾಯುತ್ತೆ, ಅಷ್ಟೇ.

ಸಿಂಧನೂರು: ಸರ್, ಬ್ರೇಕ್ ಹೇಗೆ ಬಿಡ್ತೀರಿ? ನಿಮ್ಮ ಕಾರಲ್ಲಿ ಎಳೆಯೋದು, ತಿರುಗೋದು, ಬ್ರೇಕಿನ ಬಹುಪಾಲು ಎಲ್ಲಾ ಮುಂದಿನ ಎರಡು ಟೈರಿನ ಮೇಲೇ. ಒಂದೇ ತಟ್ಟೆಯಲ್ಲಿ ಇಬ್ಬರು ಉಂಡ ಹಾಗೆ: ಬ್ರೇಕೇ ಎಲ್ಲಾ ತಿಂದರೆ ತಿರುವಿಗೆ ಏನೂ ಉಳಿಯಲ್ಲ. ನೇರ ದಾರಿಯಲ್ಲೇ ಜೋರಾಗಿ ಒತ್ತಿ, ಸ್ಟೇರಿಂಗ್ ತಿರುಗಿಸುತ್ತಾ ಹೋದ ಹಾಗೆ ಕಾಲನ್ನು ನಿಧಾನಕ್ಕೆ ಸಡಿಲಿಸಿ. ತಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತೆ, ಮುಂದಿನ ಟೈರ್ ಮೇಲಿನ ಭಾರ ಹೋಗುತ್ತೆ. ಆದರೆ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಒಮ್ಮೆಲೇ ಬಿಡಬೇಡಿ. ಹಿಂಭಾಗ ಹಗುರಾಗಿ ಕಾರು ಗಿರಕಿ ಹೊಡೆಯಬಹುದು.

ಬಳ್ಳಾರಿಯಿಂದ ಇನ್ನೊಬ್ಬರು: ಗಾಳಿ ಯಾರೂ ಹೇಳಲೇ ಇಲ್ವಲ್ಲ! ಟೈರೊಳಗಿನ ಬಿಸಿ 5-6 ಡಿಗ್ರಿ ಏರಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತೆ, ಅತಿಯಾದರೆ ಗ್ರಿಪ್ ಇಳಿಯುತ್ತೆ. ಟ್ರ್ಯಾಕ್‌ನಿಂದ ಬಂದ ತಕ್ಷಣ, ಟೈರ್ ಆರುವ ಮುಂಚೆ ಗಾಳಿ ನೋಡಿ. ಸ್ವಂತ ಗೇಜ್ ಇಟ್ಟುಕೊಳ್ಳಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿಗೆ ಬಿಸಿಲು ಬಿದ್ದ ಕಡೆ ಒಂದು ಲೆಕ್ಕ, ನೆರಳಿನ ಕಡೆ ಇನ್ನೊಂದು. ಅಲ್ಲಿ ಗಾಳಿ ಇಳಿಸಿದ್ದರೆ ಊರಿಗೆ ಹೊರಡುವ ಮುಂಚೆ, ಟೈರ್ ಆರಿದ ಮೇಲೆ, ಕಂಪನಿ ಹೇಳಿದಷ್ಟು ತುಂಬಿಸಿ. ಮತ್ತೆ, ಇದನ್ನೆಲ್ಲಾ ಸಂಡೂರು ಕಡೆ ತಿರುವುಗಳಲ್ಲಿ ಪ್ರಾಕ್ಟೀಸ್ ಮಾಡಬೇಡಿ ಮಾರಾಯ್ರೇ, ಎದುರಿಗೆ ಅದಿರಿನ ಲಾರಿ ಇರುತ್ತೆ.

ಕೇಳಿದವರು: ಈಗ ನೋಡಿದೆ. ಅಂಚೇ ಸವೆದಿದೆ, ಅದೂ ಎಡಗಡೆ ಜಾಸ್ತಿ. ಯಾಕೆ?

ಗಂಗಾವತಿ: ಬಲ ತಿರುವು ಜಾಸ್ತಿ ಇದ್ದರೆ ಭಾರ ಬೀಳೋದು ಎಡಗಡೆಗೇ. ಅಲೈನ್‌ಮೆಂಟ್ ಕೂಡ ಒಮ್ಮೆ ತೋರಿಸು.