ಸಿಸ್ಟೀನ್ ಕಾರ್ಬನ್ ಡಾಟ್: ಚೀಲದೊಳಗೆ ಮಂಕು, ಹೊರಗಿನ ನೀರೆಲ್ಲ ನೀಲಿ!

ತೊಗರಿಕಣಜ, ಕಲಬುರಗಿ
ಎಂಎಸ್ಸಿ ಕೊನೇ ಸೆಮಿಸ್ಟರ್ ಪ್ರಾಜೆಕ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರೋರು ಹೇಳಿ. ಸಿಟ್ರಿಕ್ ಆಸಿಡ್ ಮತ್ತು ಸಿಸ್ಟೀನ್ (ಗಂಧಕ ಇರೋ ಅಮೈನೋ ಆಮ್ಲ) ನೀರಲ್ಲಿ ಕರಗಿಸಿ, ಟೆಫ್ಲಾನ್ ಲೈನರ್ ಇರೋ ಆಟೋಕ್ಲೇವ್‌ನಲ್ಲಿ 180 ಡಿಗ್ರಿಗೆ ಇಟ್ಟು ಕಾರ್ಬನ್ ಡಾಟ್ (ಬೆಳಕು ಕೊಡೋ ಇಂಗಾಲದ ನ್ಯಾನೋ ಕಣ) ಮಾಡಿದೆ. ಓವನ್ ಆನ್ ಇದ್ದಾಗಲೇ ಕರೆಂಟ್ ಹೋಗುವುದು ಇಲ್ಲಿ ಮಾಮೂಲು, ಅದು ಬೇರೆ ಕಥೆ. ತಿಳಿ ಹಳದಿ ದ್ರಾವಣ ಬಂತು, 365 ನ್ಯಾನೋಮೀಟರ್ ಟಾರ್ಚ್ ಹಿಡಿದರೆ ನೀಲಿ ಬೆಳಕು ಕಣ್ಣಿಗೆ ಹೊಡೆಯುತ್ತೆ. ಸಿಸ್ಟೀನ್ ಬದಲು ಗ್ಲೈಸಿನ್ ಹಾಕಿದ್ದು ಮಾತ್ರ ಕಂದು ಬಣ್ಣ, ಬೆಳಕೂ ಅಷ್ಟಕ್ಕಷ್ಟೇ.

ತಲೆನೋವು ಶುರುವಾಗಿದ್ದು ಡಯಾಲಿಸಿಸ್‌ನಲ್ಲಿ. 1000 ಡಾಲ್ಟನ್ ಚೀಲಕ್ಕೆ (ಅಣುತೂಕ ಸುಮಾರು 1000ಕ್ಕಿಂತ ಕಡಿಮೆ ಇರೋದನ್ನ ಮಾತ್ರ ಆಚೆ ಬಿಡೋ ಪೊರೆ) ತುಂಬಿ ರಾತ್ರಿಯಿಡೀ ಬೀಕರ್‌ನಲ್ಲಿ ಬಿಟ್ಟೆ. ಬೆಳಿಗ್ಗೆ ಹೊರಗಿನ ನೀರೇ ಹೊಳೆಯುತ್ತಿತ್ತು. ನೀರು ಬದಲಿಸಿದಷ್ಟೂ ಒಳಗಿನದು ಮಂಕಾಗುತ್ತಾ ಬಂತು. ಚೀಲ ಎಲ್ಲೂ ಒಡೆದಿಲ್ಲ. ಗೈಡ್ ಮಾತ್ರ ಇದು ಕ್ವಾಂಟಮ್ ಎಫೆಕ್ಟ್ (ಕಣದ ಗಾತ್ರದಿಂದಲೇ ಬಣ್ಣ ಬರೋದು), 2023ರ ನೊಬೆಲ್ ಇದಕ್ಕೇ ಬಂದಿದ್ದು, ಹಾಗೇ ಬರಿ ಅಂತಾರೆ. ಹಾಗಿದ್ದರೆ ಡಾಟ್ ಚೀಲದೊಳಗೇ ಉಳಿಯಬೇಕಲ್ವಾ?

ಶಹಾಬಾದಿಕಲ್ಲು
ಆ ನೊಬೆಲ್ ಬಾವೆಂಡಿ, ಬ್ರೂಸ್, ಎಕಿಮೋವ್ ಅವರ ಕ್ವಾಂಟಮ್ ಡಾಟ್‌ಗೆ. ಕ್ಯಾಡ್ಮಿಯಂ ಸೆಲೆನೈಡ್ ಥರದ ಅರೆವಾಹಕ ಹರಳುಗಳು ಅವು. ಕಣ ದೊಡ್ಡದಾದಂತೆ ಬಣ್ಣ ಕೆಂಪಿನ ಕಡೆ ಸರಿಯುತ್ತೆ, ಲೆಕ್ಕ ಅಚ್ಚುಕಟ್ಟು. ಕಾರ್ಬನ್ ಡಾಟ್ ಸಿಕ್ಕಿದ್ದೇ ಬೇರೆ ದಾರಿಯಲ್ಲಿ, 2004ರಲ್ಲಿ ನ್ಯಾನೋಟ್ಯೂಬ್ ಮಸಿಯನ್ನು ಶುದ್ಧ ಮಾಡುವಾಗ. ಇಲ್ಲಿ ಬೆಳಕು ಕಣದ ತಿರುಳಿಂದಲೂ ಬರಬಹುದು, ಮೇಲ್ಮೈ ಗುಂಪುಗಳಿಂದಲೂ ಬರಬಹುದು, ಪಕ್ಕದಲ್ಲೇ ಹುಟ್ಟಿದ ಸಣ್ಣ ಅಣುವಿಂದಲೂ ಬರಬಹುದು.

ನಿಮ್ಮದು ಮೂರನೆಯದೇ ಅನ್ನಿಸುತ್ತೆ. ಸಿಟ್ರಿಕ್ ಆಸಿಡ್ ಮತ್ತು ಸಿಸ್ಟೀನ್ ಸೇರಿ ನಾಲ್ಕು ನೀರಿನ ಅಣು ಕಳೆದುಕೊಂಡರೆ ಟಿಪಿಡಿಸಿಎ ಅನ್ನೋ ಎರಡು ಉಂಗುರದ ಅಣು ಆಗುತ್ತೆ. ಅಣುತೂಕ 241, ನೀಲಿ ಬೆಳಕು ಭರ್ಜರಿ. 241ರ ಅಣು 1000ದ ಚೀಲದಲ್ಲಿ ನಿಲ್ಲುತ್ತಾ? ಸುಮ್ನೆ ಆಚೆ ಬರುತ್ತೆ. ಗ್ಲೈಸಿನ್‌ನಲ್ಲಿ ಗಂಧಕ ಇಲ್ಲ, ಹಾಗಾಗಿ ಈ ಉಂಗುರ ಆಗಲ್ಲ.

ಬೀದರ್ ಕೋಟೆ
ಮೇಲಿನವರ ಮಾತು ಒಪ್ಪುತ್ತೇನೆ, ಆದ್ರೆ ಡಾಟ್ ಅನ್ನೋದೇ ಸುಳ್ಳು ಅಂತ ಹೊರಡಬೇಡಿ. ಶಾಖ ಜಾಸ್ತಿ ಆದಂತೆ ಅಣುಗಳು ಇಂಗಾಲವಾಗುತ್ತಾ ಹೋಗುತ್ತವೆ, ಬೆಳಕು ಕುಗ್ಗುತ್ತೆ, ಆದರೆ ಉಳಿದಿದ್ದು ನಿಜವಾಗಿ ಕಣದ್ದು. ಟೆಫ್ಲಾನ್ ಅಂದ್ಮೇಲೆ 220 ದಾಟಿಸಬೇಡಿ, ಮೂರನೇ ಎರಡು ಭಾಗಕ್ಕಿಂತ ತುಂಬಿಸಲೂ ಬೇಡಿ.

ಅಳತೆ ವಿಷಯ. ಎಕ್ಸೈಟೇಶನ್ (ಒಳಗೆ ಹಾಯಿಸೋ ಬೆಳಕು) ಬದಲಿಸಿದಾಗ ಎಮಿಷನ್ (ಹೊರಬರೋ ಬೆಳಕು) ಪೀಕ್ ಕೂಡ ಸರಿಯಿತು ಅಂತ ಎಲ್ಲರೂ ಖುಷಿಪಡ್ತಾರೆ, ಅದರಲ್ಲೂ ಮಂಕು ಸ್ಯಾಂಪಲ್ ಇದ್ದಾಗ. ಮೊದಲು ಅದೇ ಕುವೆಟ್‌ನಲ್ಲಿ ಬರೀ ನೀರು ಇಟ್ಟು ಓಡಿಸಿ ನೋಡಿ. ನೀರಿನ ರಾಮನ್ ಪೀಕ್ (ನೀರೇ ಬೆಳಕನ್ನ ಚದುರಿಸಿದ್ದು) ಎಕ್ಸೈಟೇಶನ್‌ನಿಂದ ಸುಮಾರು 3400 ಸೆಂ.ಮೀ. ಇನ್ವರ್ಸ್ ದೂರದಲ್ಲಿ ಕೂತಿರುತ್ತೆ: 350 ನ್ಯಾನೋಮೀಟರ್‌ನಲ್ಲಿ ಹೊಡೆದರೆ 397 ಹತ್ತಿರ, 400ರಲ್ಲಿ ಹೊಡೆದರೆ 463 ಹತ್ತಿರ. ನೆರಳಿನ ಥರ ಹಿಂದೆಯೇ ಬರುತ್ತೆ, ಅದನ್ನೇ ಡಾಟ್ ಅಂದುಕೊಂಡು ಗ್ರಾಫ್ ಹಾಕಿರೋರನ್ನ ನೋಡಿದ್ದೇನೆ.

ಕ್ವಾಂಟಮ್ ಯೀಲ್ಡ್ (ಹೀರಿದ ಬೆಳಕಲ್ಲಿ ಎಷ್ಟು ಪಾಲು ಹೊರಬರುತ್ತೆ ಅನ್ನೋದು) ತೆಗೆಯೋದಾದ್ರೆ ಹೋಲಿಕೆಗೆ ಕ್ವಿನೈನ್ ಸಲ್ಫೇಟ್ ಇಡಿ, 0.1 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ 0.54. ಹೈಡ್ರೋಕ್ಲೋರಿಕ್ ಹಾಕಬೇಡಿ, ಕ್ಲೋರೈಡ್ ಕ್ವಿನೈನ್ ಬೆಳಕನ್ನ ನುಂಗುತ್ತೆ. ಅಬ್ಸಾರ್ಬೆನ್ಸ್ (ಬೆಳಕು ಹೀರೋ ಅಳತೆ) 0.1ರ ಒಳಗೇ ಇರಲಿ. ಗಟ್ಟಿ ದ್ರಾವಣ ತನ್ನ ಬೆಳಕನ್ನ ತಾನೇ ಕುಡಿದುಬಿಡುತ್ತೆ.

ತೊಗರಿಕಣಜ, ಕಲಬುರಗಿ
ನೀರು ಮಾತ್ರ ಇಟ್ಟು ನೋಡಿದೆ. ಗ್ಲೈಸಿನ್ ಸ್ಯಾಂಪಲ್‌ನಲ್ಲಿ ಸರಿಯುತ್ತಿದ್ದ ಸಣ್ಣ ಪೀಕ್ ನೀರಲ್ಲೂ ಅದೇ ಜಾಗಗಳಲ್ಲೇ ಇದೆ 😐 ಇನ್ನೊಂದು, ಇದನ್ನ ಬೋರ್‌ವೆಲ್ ನೀರಿನ ಕಬ್ಬಿಣ ಪತ್ತೆ ಹಚ್ಚೋಕೆ ಬಳಸಬೇಕು ಅಂತಿದ್ದೆ. ಫೆರಿಕ್ (ಕಬ್ಬಿಣದ Fe³⁺ ರೂಪ) ಹಾಕಿದರೆ ಬೆಳಕು ಚೆನ್ನಾಗಿಯೇ ಆರುತ್ತೆ.

ಯಾದಗಿರಿ ರಸಾಯನ
ಫೆರಿಕ್ ತಾನೇ ಯುವಿ ಹೀರುತ್ತೆ. ನಿಮ್ಮ ಎಕ್ಸೈಟೇಶನ್ ಬೆಳಕನ್ನ ಅದೇ ಕುಡಿದರೆ ಡಾಟ್‌ಗೆ ಸಿಗೋದೇನು? ಇದು ಇನ್ನರ್ ಫಿಲ್ಟರ್. ಪ್ರತಿ ಫೆರಿಕ್ ಪ್ರಮಾಣಕ್ಕೂ ಅಬ್ಸಾರ್ಬೆನ್ಸ್ ಅಳೆದು ತಿದ್ದುಪಡಿ ಮಾಡಿ, ಆಮೇಲೆ ಸ್ಟರ್ನ್-ವಾಲ್ಮರ್ ಗೆರೆ (ಫೆರಿಕ್ ಹೆಚ್ಚಿದಂತೆ ಬೆಳಕು ಎಷ್ಟು ಆರಿತು ಅನ್ನೋ ಗ್ರಾಫ್) ಎಳೆಯಿರಿ. ಲೈಫ್‌ಟೈಮ್ (ಹೊಡೆತ ನಿಂತ ಮೇಲೆ ಬೆಳಕು ಎಷ್ಟು ಹೊತ್ತು ಉಳಿಯುತ್ತೆ ಅನ್ನೋದು) ಅಳೆಸೋಕೆ ಆದ್ರೆ ಇನ್ನೂ ಒಳ್ಳೆಯದು. ಫೆರಿಕ್ ಡಿಕ್ಕಿಯಿಂದ ಬೆಳಕು ಆರಿದ್ದರೆ ಲೈಫ್‌ಟೈಮ್ ಇಳಿಯುತ್ತೆ, ಇನ್ನರ್ ಫಿಲ್ಟರ್ ಆದ್ರೆ ಇಳಿಯಲ್ಲ. ಇನ್ನು ಬೋರ್‌ವೆಲ್ ನೀರಲ್ಲಿ ಕಬ್ಬಿಣ ಹೊರಗೆ ಬಂದಾಗ ಹೆಚ್ಚಾಗಿ ಫೆರಸ್ (Fe²⁺) ಇರುತ್ತೆ, ಗಾಳಿ ತಾಗಿ ಫೆರಿಕ್ ಆಗಿ ಕಂದು ಗಷ್ಟಾಗಿ ತಳಕ್ಕೆ ಕೂರುತ್ತೆ. ಕೊಡ ಇಟ್ಟ ಜಾಗದಲ್ಲಿ ಕಲೆ ಬೀಳೋದು ಅದೇ. ಹಾಗಾಗಿ ತಂದ ಕೂಡಲೇ ಆಸಿಡ್ ಹಾಕಿ ಇಡಿ. ಆದ್ರೆ ಆಸಿಡ್‌ಗೆ ಡಾಟ್ ಬೆಳಕೂ ಬದಲಾಗಬಹುದು, ಅದೇ ಪಿಎಚ್‌ನಲ್ಲಿ ಕಬ್ಬಿಣ ಹಾಕದ ಸ್ಯಾಂಪಲ್ ಜೊತೆಗಿರಲಿ. ನಮ್ಮ ಕಡೆ ಸುಣ್ಣಕಲ್ಲಿನ ಗಡಸು ನೀರು, ಅದೂ ಬೆಳಕು ಆರಿಸುತ್ತಾ ಅಂತ ಕ್ಯಾಲ್ಸಿಯಂ ಒಂದನ್ನೇ ಹಾಕಿಯೂ ನೋಡಿ.

ಗೈಡ್ ಹತ್ತಿರ ಜಗಳ ಬೇಡ. ಒಳಗಿನ ದ್ರಾವಣ, ಹೊರಗಿನ ನೀರು ಎರಡರದ್ದೂ ಸ್ಪೆಕ್ಟ್ರಾ ಒಂದೇ ಗ್ರಾಫ್‌ನಲ್ಲಿ ಹಾಕಿ ಅವರ ಟೇಬಲ್ ಮೇಲೆ ಇಡಿ. ಹೊರಗಿನ ನೀರನ್ನ ಮಾತ್ರ ಚೆಲ್ಲಬೇಡಿ, ಮಾಸ್ ಸ್ಪೆಕ್ಟ್ರಮ್‌ಗೆ (ಅಣುತೂಕ ಅಳೆಯೋ ಪರೀಕ್ಷೆ) ಅದೇ ಬೇಕು.